2 ಸೆಂಟಿಮೀಟರ್ ಗಂಟು, 4 ಮಿಲಿಮೀಟರ್ ತೂತು

"ತೂತಿನಿಂದ ಸಿಸ್ಟ್ ತೆಗೀತೀಯಾ? ಗೋಡೆ ಒಳಗೇ ಉಳಿಯುತ್ತೆ, ಆರು ತಿಂಗಳಿಗೆ ವಾಪಸ್ ಬರುತ್ತೆ ನೋಡು" ಅಂದಿದ್ದ ನನ್ನ ಸೀನಿಯರ್ ಸರ್ಜನ್ ಕಳೆದ ತಿಂಗಳು ಫೋನ್ ಮಾಡಿದ್ದರು. ಸೊಸೆಯ ಕೆನ್ನೆಯ ಮೇಲೊಂದು ಗಂಟಿದೆ, ನೀನೇ ತೆಗೆದುಕೊಡು ಅಂದರು. ಅದಕ್ಕೇ, ಚರ್ಮದ ಕೆಳಗೆ ಗೋಡೆಯಿರುವ ಚೀಲದ ಹಾಗೆ ಬೆಳೆಯುವ ಈ ಗಂಟನ್ನು (ಸಿಸ್ಟ್) ಸಣ್ಣ ತೂತಿನಿಂದ ತೆಗೆಯುವ ಬಗ್ಗೆ ಬರೆಯುತ್ತಿದ್ದೇನೆ.

ಬ್ಯಾಡಗಿ ಹತ್ತಿರದ ಊರಲ್ಲಿ ನನ್ನದು ಎಂಟು ಹಾಸಿಗೆಯ ನರ್ಸಿಂಗ್ ಹೋಂ. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು, ಲಾರಿ ಡ್ರೈವರ್‌ಗಳು, ಮದುವೆ ಗೊತ್ತಾದ ಹುಡುಗಿಯರು, ಎಲ್ಲರೂ ಬರುತ್ತಾರೆ. ನರುಲಿಗೆ ಕುದುರೆ ಬಾಲದ ಕೂದಲು ಕಟ್ಟಿಕೊಂಡು, ಸುಣ್ಣ-ಸೋಡಾ ಹಚ್ಚಿ ಚರ್ಮ ಸುಟ್ಟುಕೊಂಡು ಕೊನೆಗೆ ಬರುವವರೇ ಜಾಸ್ತಿ.

ಮೊದಲು ನಾನೂ ಎಲ್ಲರ ಹಾಗೆ ಎಲೆಯಾಕಾರಕ್ಕೆ ಕೊಯ್ದೇ ತೆಗೆಯುತ್ತಿದ್ದೆ. 2017ರಲ್ಲಿ ಒಬ್ಬ ಹುಡುಗಿಯ ಕೆನ್ನೆಯಿಂದ 2 ಸೆಂಟಿಮೀಟರ್ ಸಿಸ್ಟ್ ತೆಗೆದೆ. ಗಾಯ ಚೆನ್ನಾಗಿ ಮಾಗಿತ್ತು, ರಿಪೋರ್ಟೂ ಚೆನ್ನಾಗಿತ್ತು, ಆದರೆ ಗೆರೆ ಮೂರೂವರೆ ಸೆಂಟಿಮೀಟರ್ ಉದ್ದ. ಅವಳ ತಾಯಿ "ಗಂಟೇ ವಾಸಿ ಇತ್ತಲ್ಲ ಸಾರ್" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ವಾರವೇ ಪಂಚ್ ಹಿಡಿದೆ, ಅಂದರೆ ಚರ್ಮದಲ್ಲಿ ದುಂಡನೆ ತೂತು ಕೊರೆಯುವ ಕೊಳವೆಯಾಕಾರದ ಬ್ಲೇಡ್. ಆ ತೂತಿನಿಂದಲೇ ಗಂಟನ್ನು ಹೊರಗೆ ತರಬೇಕು.

ಶುರುವಿನಲ್ಲಿ ಕೆಟ್ಟದಾಗಿ ಸೋತೆ. ದುಡ್ಡು ಉಳಿಸೋಣ ಅಂತ ಮತ್ತೆ ಮತ್ತೆ ಬಳಸುವ ಸ್ಟೀಲ್ ಪಂಚ್ ತಂದಿದ್ದೆ. ಹತ್ತು ಕೇಸಿಗೆ ಅದು ಮೊಂಡಾಗಿ ಚರ್ಮವನ್ನು ಕತ್ತರಿಸುವ ಬದಲು ಜಜ್ಜುತ್ತಿತ್ತು. ಈಗ ಒಬ್ಬರಿಗೆ ಒಂದೇ, ಬಳಸಿ ಬಿಸಾಡುವುದು. ಒಂದಕ್ಕೆ 120, 150 ರೂಪಾಯಿ ಬೀಳುತ್ತದೆ, ಬೀಳಲಿ. ಮೊದಲ 20 ಜನರಲ್ಲಿ 6 ಜನರಿಗೆ ಗಂಟು ವಾಪಸ್ ಬಂತು. ಆರೂ ಜನರಿಗೆ ಒಂದು ರೂಪಾಯಿ ತೆಗೆದುಕೊಳ್ಳದೆ ಮತ್ತೆ ಮಾಡಿಕೊಟ್ಟೆ. ಊರಲ್ಲಿ ಹೆಸರು ಉಳಿಯಬೇಕಲ್ವಾ? ಆ ವರ್ಷ ಈ ಕೆಲಸದಲ್ಲಿ ಲಾಭ ಅನ್ನುವುದು ಏನೂ ಇರಲಿಲ್ಲ.

ಯಾಕೆ ವಾಪಸ್ ಬಂತು ಅಂತ ಕೂತು ನೋಡಿದರೆ ಆರರಲ್ಲಿ ನಾಲ್ಕು ಕೆಂಪಾಗಿ ಊದಿಕೊಂಡಿದ್ದ ಸಿಸ್ಟ್‌ಗಳು. ಊದಿದಾಗ ಗೋಡೆ ಒದ್ದೆ ಕಾಗದದ ಹಾಗೆ, ಹಿಡಿದ ಕಡೆಯೆಲ್ಲ ಹರಿಯುತ್ತದೆ. ಈಗ ಕೀವಿದ್ದರೆ ಸುಮ್ನೆ ಕೀವು ಹೊರಗೆ ತೆಗೆದು ಕಳಿಸುತ್ತೇನೆ, ಆರು ವಾರ ಬಿಟ್ಟು ಬನ್ನಿ ಅನ್ನುತ್ತೇನೆ. ಕೆಲವರು ಬರುವುದೇ ಇಲ್ಲ, ಬೇರೆ ಕಡೆ ಹೋಗುತ್ತಾರೆ. ಹೋಗಲಿ. ಇನ್ನೊಂದು ಅಭ್ಯಾಸ: ತೆಗೆದ ಗೋಡೆಯನ್ನು ಸಲೈನ್ ಬಟ್ಟಲಿಗೆ ಹಾಕಿ ಚೀಲ ಪೂರ್ತಿ ಇದೆಯಾ ಅಂತ ಬಿಡಿಸಿ ನೋಡುತ್ತೇನೆ. ಒಂದು ತುಣುಕು ಕಡಿಮೆ ಅನಿಸಿದರೂ ತೂತನ್ನು ಎರಡು ಮಿಲಿಮೀಟರ್ ದೊಡ್ಡದು ಮಾಡಿ ಮತ್ತೆ ಒಳಗೆ ಹುಡುಕುತ್ತೇನೆ. ನಾಚಿಕೆ ಪಡಬೇಡಿ. ಗೋಡೆಯನ್ನು ಹರಿಯದ ಹಾಗೆ ತಿರುಗಿಸಿ ಹೊರಗೆ ತರುವ ಒಂದು ಕೈಚಳಕ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಥವೂ ಆಗದು, ಥಿಯೇಟರಿಗೆ ಬನ್ನಿ, ತೋರಿಸುತ್ತೇನೆ.

ಇಂಜೆಕ್ಷನ್ ಬಗ್ಗೆ. ಅಡ್ರಿನಲಿನ್ (ರಕ್ತನಾಳ ಬಿಗಿ ಮಾಡಿ ರಕ್ತ ತಡೆಯುವ ಮದ್ದು) ಇರುವ ಲಿಗ್ನೊಕೇನ್ (ಮರಗಟ್ಟಿಸುವ ಮದ್ದು) ಕೊಟ್ಟ ತಕ್ಷಣ ಬ್ಲೇಡ್ ಹಿಡಿಯಬೇಡಿ, ಹತ್ತು ನಿಮಿಷವಾದರೂ ಕಾಯಿರಿ. ಆ ಹೊತ್ತಿಗೆ ನಾನು ಹೊರಗೆ ಇಬ್ಬರು ಪೇಷೆಂಟ್ ನೋಡಿ ಬರುತ್ತೇನೆ. 10 ಮಿಲಿಗೆ 1 ಮಿಲಿ ಸೋಡಾ ಬೈಕಾರ್ಬ್ ಇಂಜೆಕ್ಷನ್ ಸೇರಿಸಿದರೆ ಉರಿ ಎಷ್ಟು ಕಡಿಮೆ ಅಂದರೆ, ಸೂಜಿ ಕಂಡರೆ ಎದ್ದು ಓಡುವ ಗಟ್ಟಿ ಗಂಡಸರೂ ಮಾತಾಡುತ್ತಾ ಮಲಗಿರುತ್ತಾರೆ. ಸೇರಿಸಿದ ಮೇಲೆ ಇಟ್ಟುಕೊಳ್ಳಬೇಡಿ, ಆಗಲೇ ಬಳಸಿ.

ತಲೆಯ ಚರ್ಮದ ಸಿಸ್ಟ್ ಅಂದರೆ ನನಗೆ ಹಬ್ಬ. ಗೋಡೆ ದಪ್ಪ, ಗೋಲಿಯ ಹಾಗೆ ಪುಟಕ್ಕನೆ ಹೊರಗೆ ಬರುತ್ತದೆ. ಒಬ್ಬ ತಾಯಿಗೆ ಒಂದೇ ದಿನ 9 ತೆಗೆದೆ, ಅವರ ತಾಯಿಗೂ ಇದ್ದವಂತೆ, ಮಗನಿಗೂ ಈಗ ಎರಡು ಬಂದಿವೆ. ಆದರೆ ತಲೆಯ ರಕ್ತದ ಬಗ್ಗೆ ಹುಷಾರು. ಅಡ್ರಿನಲಿನ್ ಇಳಿದ ಮೇಲೆ ರಾತ್ರಿ ಹತ್ತಕ್ಕೆ ಒಬ್ಬರು ಟವೆಲ್ ಪೂರ್ತಿ ಕೆಂಪು ಮಾಡಿಕೊಂಡು ಬಂದರು. ಅವತ್ತಿನಿಂದ ತಲೆಗೆ ಒಂದು ದಿನ ಬಿಗಿ ಬ್ಯಾಂಡೇಜ್ ಕಡ್ಡಾಯ. ಹೊಲಿಗೆ ತಲೆಗೆ ಹತ್ತನೇ ದಿನ, ಮುಖಕ್ಕೆ ಐದನೇ ದಿನ ಬಿಚ್ಚುತ್ತೇನೆ. ಕತ್ತಿನ ಹಿಂದೆ ಮಾಡಿಸಿಕೊಂಡ ಒಬ್ಬ ಹಮಾಲ ಅಣ್ಣ ಮೂರನೇ ದಿನವೇ ಚೀಲ ಹೊತ್ತು ಹೊಲಿಗೆ ಬಿಚ್ಚಿಕೊಂಡ. ಸೀಸನ್ ಅದು, ಅವನು ದಿನದ ದುಡಿಮೆ ಬಿಟ್ಟು ಹೇಗೆ ಕೂರುತ್ತಾನೆ? ಹಾಗಾಗಿ ಹಮಾಲರಿಗೆ ಈಗ ಸೀಸನ್ ಮುಗಿದ ಮೇಲೆಯೇ ದಿನ ಕೊಡುತ್ತೇನೆ.

ಎಲ್ಲದಕ್ಕೂ ತೂತು ನಡೆಯುವುದಿಲ್ಲ. ಹಣೆಯ ಕೊಬ್ಬಿನ ಗಡ್ಡೆಗೂ ಪ್ರಯತ್ನ ಮಾಡಿದೆ. ಮೂರು ಕೇಸು, ಒಂದೊಂದಕ್ಕೆ 40 ನಿಮಿಷ ಪರದಾಡಿ ಬಿಟ್ಟೆ. ಅದು ಬಹಳ ಸಲ ಸ್ನಾಯುವಿನ ಕೆಳಗೆ ಕೂತಿರುತ್ತದೆ. ಈಗ ಹಣೆಯ ಗೆರೆಯಲ್ಲೇ ಧಾರಾಳವಾಗಿ ಕೊಯ್ಯುತ್ತೇನೆ. ಕತ್ತಿನ ಪಕ್ಕದ ಗಂಟಿಗೆ ತೂತಿನಲ್ಲಿ ಕುರುಡಾಗಿ ಕೈ ಹಾಕಲೇಬೇಡಿ, ಅಲ್ಲಿ ಭುಜ ಎತ್ತಿಸುವ ಆಕ್ಸೆಸರಿ ನರ ಚರ್ಮಕ್ಕೆ ತೀರಾ ಹತ್ತಿರ. ಮಕ್ಕಳ ಮೂಗಿನ ನಡುಗೆರೆಯ ಗಂಟನ್ನು ಸ್ಕ್ಯಾನ್ ಇಲ್ಲದೆ ನಾನು ಮುಟ್ಟುವುದೇ ಇಲ್ಲ, ಅದರ ಬೇರು ಮೆದುಳಿನ ತನಕ ಹೋಗಿರಬಹುದು.

ಉಬ್ಬಿದ ಮಚ್ಚೆಗೆ ರೇಡಿಯೋ ಮೆಷಿನ್ (ರೇಡಿಯೋ ತರಂಗದಿಂದ ಚರ್ಮ ಕತ್ತರಿಸುವ, ಸುಡುವ ಮೆಷಿನ್) ತಂದೆ, ಸುಮಾರು 35 ಸಾವಿರ ಆಯಿತು. ದುಡ್ಡು ಎಂಟು ತಿಂಗಳಲ್ಲಿ ಹುಟ್ಟಿತು, ಬಹುಪಾಲು ಕುತ್ತಿಗೆಯ ನರುಲಿಗಳಿಂದಲೇ. ಆದರೆ ಮಚ್ಚೆ ಸವರಲು ಗಡ್ಡದ ಬ್ಲೇಡಿನ ಅರ್ಧವನ್ನು ಬಾಗಿಸಿ ಹಿಡಿದರೆ ಮೆಷಿನ್‌ಗಿಂತ ಚೆಂದ ಬರುತ್ತದೆ, ತುಣುಕೂ ಸುಡದೆ ಲ್ಯಾಬಿಗೆ ಹೋಗುತ್ತದೆ. ನಾನು ಒಬ್ಬರಿಗೆ 2,000 ರೂಪಾಯಿ ತೆಗೆದುಕೊಳ್ಳುತ್ತೇನೆ, ಬಯಾಪ್ಸಿಯ 600 ಅದರಲ್ಲೇ ಬಂತು. ಬೇರೆ ಕೇಳಿದರೆ ಜನ ಬೇಡ ಅನ್ನುತ್ತಾರೆ. ಒಬ್ಬ ಅಜ್ಜನ ಮೂಗಿನ ಪಕ್ಕದ ಕಪ್ಪು ಗುಳ್ಳೆಯನ್ನು ಮನೆಯವರೆಲ್ಲ ಮಚ್ಚೆ ಅಂದುಕೊಂಡಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ರಿಪೋರ್ಟಿನಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಬಂತು. ಹುಬ್ಬಳ್ಳಿಗೆ ಕಳಿಸಿದೆ, ಅಲ್ಲಿ ಪೂರ್ತಿ ತೆಗೆದರು, ಅಜ್ಜ ಈಗ ಆರಾಮಾಗಿದ್ದಾರೆ. ಆ 600 ಬಿಟ್ಟಿದ್ದರೆ?

ಲೆಕ್ಕ ಬರೆದಿಟ್ಟಿಲ್ಲ, ನೆನಪಿನಿಂದ ಹೇಳುವುದಾದರೆ ಇಲ್ಲಿಯ ತನಕ 260, 270 ಸಿಸ್ಟ್ ಆಗಿರಬೇಕು. ಕೊನೆಯ 150ರಲ್ಲಿ ವಾಪಸ್ ಬಂದದ್ದು 4 ಅಥವಾ 5. ಸೀನಿಯರ್ ಅವರ ಸೊಸೆಗೆ ಒಂದೇ ಹೊಲಿಗೆ ಹಾಕಿದೆ, ಐದನೇ ದಿನ ಬಿಚ್ಚಿದಾಗ ಸೀನಿಯರೇ ಕನ್ನಡಕ ಹಾಕಿಕೊಂಡು ಕೆನ್ನೆ ನೋಡಿದರು.

ಈಗ ಓಲೆ ಚುಚ್ಚಿದ ಕಡೆ ಬರುವ ಕೆಲಾಯ್ಡ್ (ಗಾಯದ ಕಲೆ ಉಬ್ಬಿ ಬೆಳೆದ ಗಡ್ಡೆ) ಹಿಡಿದಿದ್ದೇನೆ. ಸುಮ್ನೆ ಕೊಯ್ದರೆ ಅದು ಮೊದಲಿಗಿಂತ ದೊಡ್ಡದಾಗಿಯೇ ಬರಬಹುದು, ಆದ್ದರಿಂದ ತೆಗೆದ ಮೇಲೆ ತಿಂಗಳಿಗೊಮ್ಮೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಹಾಕುತ್ತಿದ್ದೇನೆ, ಜೊತೆಗೆ ಒತ್ತಿ ಹಿಡಿಯುವ ಕ್ಲಿಪ್ ಓಲೆಯೊಂದನ್ನು ಇಲ್ಲಿನ ಅಕ್ಕಸಾಲಿಗರಿಂದಲೇ ಮಾಡಿಸಿದ್ದೇನೆ. ಐದು ಜನ ಇದ್ದಾರೆ, ಒಬ್ಬರಿಗೂ ಇನ್ನೂ ವರ್ಷ ತುಂಬಿಲ್ಲ. ತುಂಬಿದ ಮೇಲೆ ಆ ಓಲೆಯ ಅಳತೆ ಸಮೇತ ಬರೆಯುತ್ತೇನೆ.