ಮಗುವಿನ ಕೈಗೆ ಹಿಟ್ಟು ಕೊಡುವ ಮುಂಚೆ

ಮಗುವಿನ ಜೊತೆ ಅಡುಗೆ ಮಾಡುವುದಕ್ಕೆ ಪುಟಾಣಿ ಏಪ್ರನ್ನು, ಬಣ್ಣದ ಅಳತೆ ಚಮಚಗಳು, ಆಟದ ಚಾಕುಗಳ ಸೆಟ್ಟು ಇವು ಯಾವುವೂ ಬೇಕಿಲ್ಲ. ಈಗಿನ ಅಪ್ಪ ಅಮ್ಮಂದಿರು ಇವನ್ನೆಲ್ಲ ತರಿಸಿ, ರಜೆಯ ದಿನ ಗೊತ್ತುಮಾಡಿ, ಮೊಬೈಲನ್ನು ಎದುರಿಗೆ ಒರಗಿಸಿಟ್ಟು, "ಬಾ ಪುಟ್ಟಾ, ಇವತ್ತು ನಾವಿಬ್ಬರೂ ಅಡುಗೆ ಮಾಡೋಣ" ಅಂತ ಶುರುಮಾಡುತ್ತಾರೆ. ಹತ್ತು ನಿಮಿಷ ಆಗುವಷ್ಟರಲ್ಲಿ ಹಿಟ್ಟೆಲ್ಲ ನೆಲದ ಮೇಲೆ. ಮಗು ಅಳುತ್ತಾ ಹೊರಗೆ, ಅಮ್ಮ ಸಿಡುಕುತ್ತಾ ಒಳಗೆ. "ಇವನಿಗೆ ಅಡುಗೆಮನೆ ಆಗಿಬರಲ್ಲ" ಅಂತ ತೀರ್ಪು ಬೇರೆ. ನೋಡಿ ನೋಡಿ ನನಗೆ ಸಾಕಾಗಿದೆ. ಮಗುವಿನದೇನೂ ತಪ್ಪಿಲ್ಲ ಕಣ್ರೀ. ನೀವು ಕೊಟ್ಟ ಕೆಲಸವೇ ಸರಿಯಿಲ್ಲ.

ಮಕ್ಕಳಿಗೆ ಬೇಕಾದದ್ದು ನಿಜವಾದ ಕೆಲಸ. ಇವತ್ತಿನ ಊಟಕ್ಕೆ ಬೇಕಾದ ಕೆಲಸ. ಎರಡೂವರೆ ವರ್ಷದ ಮಗು ಬಟಾಣಿ ಸುಲಿದರೆ ಆ ಬಟಾಣಿ ಅದೇ ಹೊತ್ತಿನ ಪಾತ್ರೆಗೆ ಬೀಳಬೇಕು, ಅದೇ ಹೊತ್ತು ತಟ್ಟೆಗೆ ಬರಬೇಕು. ಹಾಗೆ ಬಂದಾಗ ಅದು ತಿನ್ನುವ ರೀತಿಯೇ ಬೇರೆ. ತರಕಾರಿ ಕಂಡರೆ ಮುಖ ತಿರುಗಿಸುವ ಮಗು ಕೂಡ ತಾನು ಸುಲಿದದ್ದನ್ನು ಒಂದೊಂದಾಗಿ ಹುಡುಕಿ ತಿನ್ನುತ್ತದೆ. ಸುಮ್ನೆ ಕೂರಿಸುವುದಕ್ಕೆ ಕೊಟ್ಟ ಕೆಲಸ ಯಾವುದು, ಬೇಕಾಗಿ ಕೊಟ್ಟ ಕೆಲಸ ಯಾವುದು ಅಂತ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನೀವು ಮರೆಮಾಡಲು ಹೋಗಬೇಡಿ.

ಹೊತ್ತು ನೋಡಿಕೊಳ್ಳಿ. ಹಸಿವಾಗಿರುವಾಗ, ನಿದ್ದೆ ಬರುತ್ತಿರುವಾಗ ಮಗುವನ್ನು ಅಡುಗೆಮನೆಗೆ ಕರೆಯಬಾರದು. ನಿಮಗೇ ಅವಸರ ಇರುವ ಬೆಳಗಿನ ಹೊತ್ತು ಬೇಡವೇ ಬೇಡ. ಏನಾದರೂ ತಿಂದು ಹೊಟ್ಟೆ ತಣ್ಣಗಾಗಿ ಸ್ವಲ್ಪ ಹೊತ್ತಾಗಿರಬೇಕು. ಕೆಲಸ ನೆಲದ ಮೇಲೆಯೇ ಆಗಲಿ. ಸ್ಟೂಲು ಹಾಕಿ ಕಟ್ಟೆಯ ಪಕ್ಕ ನಿಲ್ಲಿಸಿದರೆ ನಿಮ್ಮ ಅರ್ಧ ಜೀವ ಆ ಸ್ಟೂಲಿನ ಮೇಲೇ ಇರುತ್ತದೆ. ಚಾಪೆ ಹಾಸಿ, ಅಗಲವಾದ ತಟ್ಟೆ ಇಟ್ಟು, ಎದುರಿಗೆ ನೀವೂ ಕೂತುಕೊಳ್ಳಿ. ಬೀಳುವ ಭಯವಿಲ್ಲ, ಚೆಲ್ಲಿದರೂ ಚಾಪೆಯ ಮೇಲೆ.

ಸೊಪ್ಪು ಬಿಡಿಸುವುದು, ಕಾಳು ತೊಳೆಯುವುದು ಎರಡು ಮೂರು ವರ್ಷಕ್ಕೆ ಸಾಕು. ನಾಲ್ಕಕ್ಕೆ ಬೆಂದು ಆರಿದ ಗೆಡ್ಡೆಯನ್ನು ಹಿಸುಕಲಿ, ತಣ್ಣಗಿರುವುದನ್ನು ಕಲಸಲಿ. ಆರರ ಹೊತ್ತಿಗೆ ನೀವು ಪಕ್ಕದಲ್ಲೇ ಕೂತಿದ್ದರೆ ಮೊಂಡು ಚಾಕುವಿನಲ್ಲಿ ಬಾಳೆಹಣ್ಣು ಕತ್ತರಿಸಬಹುದು. ಒಲೆಯ ಹತ್ತಿರ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಪಾತ್ರೆಯ ಹಿಡಿ ಒಳಕ್ಕೆ ತಿರುಗಿರಬೇಕು. ಮುಚ್ಚಳ ತೆಗೆಯುವಾಗ ಮಗು ದೂರ ಇರಬೇಕು. ಬೆಂಕಿಗಿಂತ ಹಬೆ ಮೋಸದ್ದು, ಕಣ್ಣಿಗೆ ಕಾಣುವ ಮುಂಚೆಯೇ ಸುಟ್ಟಿರುತ್ತದೆ. ಇಡೀ ದ್ರಾಕ್ಷಿ, ಗಟ್ಟಿ ಕಡಲೆಬೀಜ ಇಂಥವನ್ನು ಐದು ವರ್ಷದೊಳಗಿನ ಮಗುವಿನ ಎದುರು ತಟ್ಟೆಯಲ್ಲಿಟ್ಟು ಎದ್ದು ಹೋಗಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕೈ ತೊಳೆಯುವುದು ಅಂದರೆ ನಲ್ಲಿಯ ಕೆಳಗೆ ಹಿಡಿದು ತೆಗೆಯುವುದಲ್ಲ. ಸೋಪು ಹಾಕಿ, ಇಪ್ಪತ್ತರವರೆಗೆ ನಿಧಾನವಾಗಿ ಎಣಿಸುತ್ತಾ ಉಜ್ಜಿಸಿ. ಎಣಿಕೆಯೂ ಬಾಯಿಪಾಠ ಆಗುತ್ತದೆ.

ಈಗ ನಾನು ಹೇಳಬೇಕು ಅಂತ ಕೂತಿದ್ದ ವಿಷಯ, ಹಿಟ್ಟು ಕಲಸುವುದು. ಮಗುವಿಗೆ ಇದಕ್ಕಿಂತ ಒಳ್ಳೆಯ ಅಡುಗೆ ಕೆಲಸ ಇಲ್ಲ. ಇದನ್ನು ಕೆಡಿಸಿದಷ್ಟು ಬೇರೆ ಯಾವುದನ್ನೂ ಜನ ಕೆಡಿಸುವುದೂ ಇಲ್ಲ. ಒಣ ಹಿಟ್ಟು ತಟ್ಟೆಗೆ ಸುರಿದು, ಲೋಟದ ನೀರು ಮಗುವಿನ ಕೈಗೆ ಕೊಟ್ಟು, "ಹಾಕು" ಅನ್ನುತ್ತಾರೆ. ಮಗು ಪೂರ್ತಿ ಲೋಟ ಬಗ್ಗಿಸುತ್ತದೆ, ಇನ್ನೇನು ಮಾಡೀತು? ಹಿಟ್ಟು ಗಂಜಿ ಆಗುತ್ತದೆ, ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಮಗು ಕೈ ಅಗಲಿಸಿಕೊಂಡು ಅಳುತ್ತದೆ. ಅಮ್ಮ ಮೇಲೆ ಇನ್ನಷ್ಟು ಹಿಟ್ಟು ಸುರಿಯುತ್ತಾಳೆ. ಈಗ ಅದು ಕಲ್ಲು. ದೊಡ್ಡವರಿಗೇ ನಾದಲು ಬಾರದ ಆ ಮುದ್ದೆಯನ್ನು ಆ ಚಿಕ್ಕ ಕೈ ಏನು ಮಾಡಬೇಕು, ಹೇಳಿ.

ನೆನೆಹಾಕಿ. ಕಾಳು ನೆನೆಹಾಕುವ ಹಾಗೆ ಹಿಟ್ಟನ್ನೂ ನೆನೆಯಲು ಬಿಡಬೇಕು, ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಅಂದರೆ ನನಗೆ ಆಶ್ಚರ್ಯ ಆಗುತ್ತದೆ. ಮೊದಲ ಕಲಸುವಿಕೆ ದೊಡ್ಡವರದ್ದು. ಗೋಧಿ ಹಿಟ್ಟನ್ನು ತಟ್ಟೆಗೆ ಹಾಕಿ, ಮಧ್ಯೆ ಗುಳಿ ಮಾಡಿ, ಬೇಕಾದೀತು ಅನ್ನಿಸುವ ನೀರಿನಲ್ಲಿ ಮುಕ್ಕಾಲು ಪಾಲು ಮಾತ್ರ ಹಾಕಿ. ಉಪ್ಪು ಈಗ ಬೇಡ. ಬೆರಳ ತುದಿಗಳನ್ನು ಸಡಿಲವಾಗಿ ಅಗಲಿಸಿ, ಹಿಟ್ಟಿನಲ್ಲಿ ಆಡಿಸಿ. ಹಿಸುಕಬೇಡಿ, ಒತ್ತಬೇಡಿ. ಒಣ ಹಿಟ್ಟು ಎಲ್ಲೂ ಕಾಣಬಾರದು, ಅಷ್ಟೇ. ಅದು ಒರಟಾಗಿ, ತುಂಡು ತುಂಡಾಗಿ, ನೋಡಲು ಕೆಟ್ಟದಾಗಿಯೇ ಇರುತ್ತದೆ. ಇರಲಿ. ಎಲ್ಲವನ್ನೂ ಒಂದು ಕಡೆಗೆ ಒಟ್ಟುಮಾಡಿ, ಒದ್ದೆ ಬಟ್ಟೆ ಮುಚ್ಚಿ. ಒದ್ದೆ ಅಂದರೆ ತೊಟ್ಟಿಕ್ಕುವ ಒದ್ದೆಯಲ್ಲ, ಚೆನ್ನಾಗಿ ಹಿಂಡಿದ್ದು. ಬಟ್ಟೆ ಹಿಟ್ಟಿಗೆ ತಾಗಿಕೊಂಡೇ ಇರಲಿ, ಇಲ್ಲದಿದ್ದರೆ ಮೇಲೆ ಒಣ ಪದರ ಕಟ್ಟಿ, ಆಮೇಲೆ ನಾದುವಾಗ ಚಕ್ಕೆ ಚಕ್ಕೆಯಾಗಿ ಸಿಗುತ್ತದೆ. ಅರ್ಧ ಗಂಟೆ ಅದರ ಕಡೆ ತಿರುಗಿ ನೋಡಬೇಡಿ.

ಬಟ್ಟೆಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಅಡುಗೆಮನೆಯ ಒರೆಸುವ ಬಟ್ಟೆಯನ್ನು ಮುದ್ದೆ ಮಾಡಿ ಸಿಂಕಿನ ಮೂಲೆಯಲ್ಲಿ ಎಸೆಯುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಸೋಪು ಹಾಕಿ ಹಿಂಡಿ, ಹರಡಿ ಒಣಗಿಸಿ. ಒಣಗಿದ ಬಟ್ಟೆ ನಾರುವುದಿಲ್ಲ. ಹಿಟ್ಟು ಮುಚ್ಚುವ ಬಟ್ಟೆ ಬೇರೆಯೇ ಇರಲಿ, ಅದು ಕಟ್ಟೆ ಒರೆಸಲು ಹೋಗಬಾರದು.

ಈ ಅರ್ಧ ಗಂಟೆಯಲ್ಲಿ ಏನಾಗುತ್ತದೆ? ಹಿಟ್ಟಿನ ಕಣಕ್ಕೆ ನೀರು ಒಳಗೆ ಹೋಗಲು ಹೊತ್ತು ಬೇಕು. ತೌಡಿನ ಚೂರುಗಳಂತೂ ಇನ್ನೂ ನಿಧಾನ. ನೀರು ಒಳಗಿಳಿದ ಮೇಲೆ ಗೋಧಿಯಲ್ಲಿರುವ ಎರಡು ಬಗೆಯ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಜಿಗುಟಾಗುತ್ತವೆ. ಅದನ್ನೇ ಗ್ಲುಟೆನ್ ಅನ್ನುವುದು. ನಾವು ನಾದುವುದು ಆ ಹೆಣಿಗೆಯನ್ನು ಬಲಮಾಡುವುದಕ್ಕೆ. ನೆನೆಯಲು ಬಿಟ್ಟರೆ ಅರ್ಧ ಕೆಲಸ ತಾನಾಗಿಯೇ ಆಗಿರುತ್ತದೆ, ಕೈಯ ಬಲ ಜಾಸ್ತಿ ಬೇಡ. ಉಪ್ಪು ಆ ಹೆಣಿಗೆಯನ್ನು ಬಿಗಿಮಾಡುತ್ತದೆ, ಅದಕ್ಕೇ ಅದು ಆಮೇಲೆ. ನಮ್ಮ ಅಜ್ಜಿಗೆ ಪ್ರೋಟೀನು ಗೀಟೀನು ಗೊತ್ತಿರಲಿಲ್ಲ. "ಹಿಟ್ಟು ನೀರು ಕುಡೀಲಿ ತಡಿಯೇ, ಅದಕ್ಕೂ ಬಾಯಾರಿಕೆ ಇರುತ್ತೆ" ಅನ್ನುತ್ತಿದ್ದರು. ಬಟ್ಟೆ ಎತ್ತಿ ಇಣುಕಿದರೆ ಕೈ ಮೇಲೆ ಪಟ್ ಅಂತ ಒಂದು ಏಟು.

ಈಗ ಮಗುವನ್ನು ಕರೆಯಿರಿ. ಬಟ್ಟೆ ತೆಗೆಯುವ ಕೆಲಸ ಅದರದ್ದೇ. ಒರಟು ತುಂಡುಗಳು ನಯವಾಗಿ ಕೂಡಿಕೊಂಡಿರುವುದನ್ನು ಅದು ತಾನೇ ನೋಡಲಿ. ಉಳಿದ ನೀರಿನಲ್ಲಿ ಎರಡು ಚಮಚ ಬೇರೆ ತೆಗೆದು, ಅದಕ್ಕೆ ಉಪ್ಪು ಹಾಕಿ ಮಗುವೇ ಕರಗಿಸಲಿ. ಆಮೇಲೆ ಆ ನೀರನ್ನು ಲೋಟದಿಂದ ಸುರಿಯಿಸಬೇಡಿ. ಬೆರಳುಗಳನ್ನು ನೀರಲ್ಲಿ ಅದ್ದಿ, ಹಿಟ್ಟಿನ ಮೇಲೆ ಚಿಮುಕಿಸಲಿ, ಒತ್ತಲಿ, ಮತ್ತೆ ಅದ್ದಲಿ. ಹೀಗೆ ಹೋದರೆ ಜಾಸ್ತಿ ಆಗುವ ಪ್ರಶ್ನೆಯೇ ಇಲ್ಲ. ಒಮ್ಮೊಮ್ಮೆ ನೀರು ಉಳಿಯುತ್ತದೆ, ಒಮ್ಮೊಮ್ಮೆ ಸಾಲದೆ ಬರುತ್ತದೆ. ಹಿಟ್ಟು ಹಳೆಯದೋ ಹೊಸದೋ, ಮಳೆಗಾಲವೋ ಬೇಸಿಗೆಯೋ, ಅದರ ಮೇಲೆ ಹೋಗುತ್ತದೆ. ಹಾಗಾಗಿ ಉಪ್ಪನ್ನು ಎಲ್ಲ ನೀರಿಗೂ ಸುರಿಯಬೇಡಿ, ಮೊದಲ ಎರಡು ಚಮಚ ನೀರಿಗೆ ಹಾಕಿ ಅದು ಪೂರ್ತಿ ಮುಗಿಯಲಿ, ಆಮೇಲಿನದು ಬರೀ ನೀರು.

ನಾದುವುದನ್ನು ಕಲಿಸುವಾಗ ಬೆರಳು ಹಾಕಿಸಬೇಡಿ. ಅಂಗೈಯ ಬುಡ, ಮಣಿಕಟ್ಟಿನ ಹತ್ತಿರ ಇರುವ ಗಟ್ಟಿ ಭಾಗ, ಅದರಿಂದ ಮುಂದಕ್ಕೆ ತಳ್ಳಬೇಕು. ಮಡಚಿ ಹಿಂದಕ್ಕೆ ತರಬೇಕು. ತಟ್ಟೆ ಒಂದು ಸ್ವಲ್ಪ ತಿರುಗಬೇಕು. ಮತ್ತೆ ತಳ್ಳು. ಮಗು ಮಂಡಿಯೂರಿ ಕೂತರೆ ಮೈಭಾರವೇ ಕೆಲಸ ಮಾಡುತ್ತದೆ, ತೋಳು ನೋಯುವುದಿಲ್ಲ. ತಟ್ಟೆಯ ಕೆಳಗೆ ಒಂದು ಒದ್ದೆ ಬಟ್ಟೆ ಮಡಚಿ ಇಡಿ, ಜಾರುವುದಿಲ್ಲ. ಆಯಿತೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಮಗುವಿಗೆ ಒಂದು ಕೈಯಲ್ಲಿ ತನ್ನ ಕಿವಿಯ ಹಾಲೆ ಹಿಡಿದುಕೊಳ್ಳಲು ಹೇಳಿ, ಇನ್ನೊಂದರಲ್ಲಿ ಹಿಟ್ಟು ಚಿವುಟಲಿ. ಎರಡೂ ಒಂದೇ ಹದ ಅನ್ನಿಸಿದರೆ ಆಯಿತು. ಇದನ್ನು ಹೇಳಿಕೊಟ್ಟ ಮೇಲೆ ಮಕ್ಕಳು ಮನೆಯವರೆಲ್ಲರ ಕಿವಿ ಹಿಡಿದು ನೋಡುತ್ತಾರೆ. ನೋಡಲಿ ಬಿಡಿ. ಒಂದು ಮಾತು ಮಾತ್ರ ಖಡಾಖಂಡಿತ. ಹಸಿ ಹಿಟ್ಟು ಬಾಯಿಗೆ ಹೋಗಬಾರದು. ಒಣ ಹಿಟ್ಟು ಬೇಯಿಸಿದ್ದಲ್ಲ, ಅದರಲ್ಲೂ ಹೊಟ್ಟೆ ಕೆಡಿಸುವ ಕ್ರಿಮಿ ಇರಬಹುದು.

ಈ ಹಿಟ್ಟಿನಲ್ಲೇ ಪ್ರಯೋಗ ಕೂಡ ಇದೆ. ಅದಕ್ಕೆ ಬೇರೆ ಸಾಮಾನು ಯಾಕೆ ತರಿಸುತ್ತೀರಿ? ಒಂದು ನಿಂಬೆ ಗಾತ್ರದ ಉಂಡೆ ತೆಗೆದು, ಬೋಗುಣಿಯ ತಣ್ಣೀರಿನಲ್ಲಿ ಮುಳುಗಿಸಿ, ಮಗು ಮೆಲ್ಲಗೆ ಹಿಸುಕುತ್ತಾ ಹೋಗಲಿ. ನೀರು ಬೆಳ್ಳಗಾಗುತ್ತದೆ. ಅದನ್ನು ಬೇರೆ ಪಾತ್ರೆಗೆ ಬಗ್ಗಿಸಿಟ್ಟು ಹೊಸ ನೀರು ಹಾಕಿ. ಮತ್ತೆ ಹಿಸುಕು, ಮತ್ತೆ ಬದಲಿಸು. ನೀರು ಹೆಚ್ಚುಕಡಿಮೆ ತಿಳಿಯಾಗುವವರೆಗೆ ಬಿಡಬೇಡಿ. ಮಧ್ಯೆ ಎಲ್ಲ ಕರಗಿಹೋಯಿತೇನೋ ಅನ್ನಿಸುತ್ತದೆ, ಹೆದರಬೇಡಿ, ಚೂರುಗಳನ್ನು ಒಟ್ಟುಗೂಡಿಸಿ. ಕೊನೆಗೆ ಕೈಯಲ್ಲಿ ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಒಂದು ಸಣ್ಣ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಮೈದಾ ಆದರೆ ನೀಟಾಗಿ ಬರುತ್ತದೆ, ಗೋಧಿ ಹಿಟ್ಟಾದರೆ ತೌಡು ಸಿಕ್ಕಿಕೊಂಡಿರುತ್ತದೆ. ಇಟಲಿಯ ಬೊಲೊನ್ಯಾದಲ್ಲಿ ಬೆಕ್ಕಾರಿ ಎಂಬ ವಿದ್ವಾಂಸರು 1728ರಲ್ಲಿ ಹೀಗೆಯೇ ಹಿಟ್ಟು ತೊಳೆದು ಇದನ್ನು ಬೇರ್ಪಡಿಸಿ ತೋರಿಸಿದರು. ಸುಮಾರು 300 ವರ್ಷ ಹಿಂದಿನ ವಿಜ್ಞಾನವನ್ನು ನಿಮ್ಮ ಮಗು ಒಂದು ಬೋಗುಣಿಯಲ್ಲಿ ಮಾಡಬಹುದು. ಪಕ್ಕದಲ್ಲೇ ಅಕ್ಕಿ ಹಿಟ್ಟಿನ ಉಂಡೆ ಮಾಡಿ ಹಾಗೆಯೇ ತೊಳೆಸಿ. ಅದು ಕೈಯಲ್ಲಿ ಏನೂ ಉಳಿಯದ ಹಾಗೆ ಕರಗಿಹೋಗುತ್ತದೆ. "ಯಾಕೆ?" ಅಂತ ಮಗುವೇ ಕೇಳುತ್ತದೆ. ಅದು ಕೇಳುವ ಮುಂಚೆ ನೀವು ಹೇಳಿಬಿಡಬೇಡಿ. ಗೋಧಿ ಮೈಗೆ ಒಗ್ಗದ ಮಕ್ಕಳಿರುವ ಮನೆಯಲ್ಲಿ ಮಾತ್ರ ಈ ಆಟ ಬೇಡ.

ಬಗ್ಗಿಸಿಟ್ಟ ಬಿಳಿ ನೀರನ್ನು ಚೆಲ್ಲಬೇಡಿ. ಎರಡು ಗಂಟೆ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಪಿಷ್ಟ ಕೂತಿರುತ್ತದೆ. ಮೇಲಿನ ನೀರು ಬಗ್ಗಿಸಿ, ಉಳಿದದ್ದನ್ನು ನೀವು ಸಣ್ಣ ಉರಿಯಲ್ಲಿ ಕದಡುತ್ತಾ ಕಾಯಿಸಿ. ಮಗು ದೂರದಿಂದ ನೋಡಲಿ. ಬಿಸಿ 60 ಡಿಗ್ರಿ ದಾಟುತ್ತಿದ್ದ ಹಾಗೆ ಅದು ದಪ್ಪಗಾಗಿ ಅಂಟು ಆಗುತ್ತದೆ. ಆರಿದ ಮೇಲೆ ಕಾಗದ ಅಂಟಿಸಲು ಕೊಡಿ. ನಾವು ಚಿಕ್ಕವರಿದ್ದಾಗ ಪುಸ್ತಕಕ್ಕೆ ರಟ್ಟು ಹಾಕಿದ್ದೆಲ್ಲ ಇಂಥ ಅಂಟಿನಲ್ಲೇ.

ಬೇರೆ ಪ್ರಯೋಗಗಳೂ ಅಡುಗೆಯಿಂದಲೇ ಹುಟ್ಟಲಿ. ಅರಿಸಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಮೊಟ್ಟೆ ತಿನ್ನುವ ಮನೆಯಾದರೆ ನೀರಿನಲ್ಲಿ ಬಿಡಿ. ಹೊಸದು ತಳದಲ್ಲಿ ಮಲಗುತ್ತದೆ, ಹಳೆಯದು ಎದ್ದು ನಿಲ್ಲುತ್ತದೆ. ದಿನ ಕಳೆದ ಹಾಗೆ ಒಳಗಿನ ಗಾಳಿಯ ಜಾಗ ದೊಡ್ಡದಾಗುತ್ತದಲ್ಲ, ಅದಕ್ಕೆ. ಇಷ್ಟು ಸಾಕು. ಒಂದೇ ದಿನ ಎಲ್ಲವನ್ನೂ ತುರುಕಬೇಡಿ.

ಇನ್ನು ಮಗು ಲಟ್ಟಿಸಿದ ರೊಟ್ಟಿಯ ವಿಷಯ. ಅದು ದುಂಡಗಿರುವುದಿಲ್ಲ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅದನ್ನು ಮುದ್ದೆ ಮಾಡಿ ನೀವು ಮತ್ತೆ ಲಟ್ಟಿಸುತ್ತೀರಲ್ಲ, ಅದೂ ಮಗುವಿನ ಕಣ್ಣೆದುರಿಗೆ, ಅದು ನನಗೆ ಸಹಿಸಲಾಗದ ವಿಷಯ. ಹಾಗೆಯೇ ಬೇಯಿಸಿ. ದಪ್ಪ ಇರುವ ಕಡೆ ಒತ್ತಿ ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ಆಮೇಲೆ ಮನೆಯಲ್ಲಿ ಯಾರಾದರೂ ದೊಡ್ಡವರು ಅದನ್ನು ತಿನ್ನಬೇಕು. ನಮ್ಮ ತಾತ ನನ್ನ ಕಪ್ಪು ಹಿಡಿದ ರೊಟ್ಟಿಯನ್ನು ಮೊದಲು ತಮ್ಮ ತಟ್ಟೆಗೆ ಹಾಕಿಸಿಕೊಳ್ಳುತ್ತಿದ್ದರು, ಏನೂ ಮಾತಾಡದೆ ಪೂರ್ತಿ ತಿನ್ನುತ್ತಿದ್ದರು. ಹೊಗಳಿಕೆಯೂ ಇಲ್ಲ, ನಗುವೂ ಇಲ್ಲ. ನೀವು "ವಾವ್, ಸೂಪರ್" ಅಂತ ಕೂಗಿ ಫೋಟೋ ತೆಗೆದು, ರೊಟ್ಟಿಯನ್ನು ಮೂಲೆಗೆ ಸರಿಸುತ್ತೀರಿ. ಮಗು ಎರಡನ್ನೂ ನೋಡುತ್ತಿರುತ್ತದೆ.

ಸ್ವಚ್ಛ ಮಾಡುವುದೂ ಮಗುವಿನ ಪಾಲಿನದ್ದೇ. ನೆಲಕ್ಕೆ ಬಿದ್ದ ಒಣ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹಾಕಬೇಡಿ, ಅಂಟಾಗಿ ಮೆತ್ತಿಕೊಳ್ಳುತ್ತದೆ. ಮೊದಲು ಪೊರಕೆಯಿಂದ ಗುಡಿಸಿ, ಆಮೇಲೆ ಒರೆಸಿ. ಹಿಟ್ಟು ಹತ್ತಿದ ತಟ್ಟೆಗೆ ಬಿಸಿನೀರು ಹಾಕುವವರಿದ್ದಾರೆ. ಬಿಸಿಗೆ ಪಿಷ್ಟ ಬೆಂದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ತಣ್ಣೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಬೆರಳಲ್ಲೇ ಬಿಡುತ್ತದೆ, ಮಗುವಿಗೂ ತೊಳೆಯಲು ಆಗುತ್ತದೆ.

ಮಧ್ಯದಲ್ಲೇ ಮಗು "ನನಗೆ ಸಾಕು" ಅಂದರೆ ಕೈ ತೊಳೆಸಿ ಕಳಿಸಿಬಿಡಿ, ಬಲವಂತ ಬೇಡ. ಉಳಿದ ಹಿಟ್ಟನ್ನು ಉಂಡೆ ಮಾಡಿ, ಮೇಲೆ ಒಂದು ಹನಿ ಎಣ್ಣೆ ಸವರಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಮರುದಿನ ಬಳಸುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ, ತಣ್ಣನೆಯ ಹಿಟ್ಟು ಚಿಕ್ಕ ಕೈಗೆ ಬಗ್ಗುವುದಿಲ್ಲ.