ಮೂರನೆಯವನು ಹೊರಗೆ: ಒಂದೂವರೆಯ ಏಣಿ ನನಗೆ ಸಿಕ್ಕಿದ ಬಗೆ

ಸಾವಿರ ಜನ ವೃತ್ತದಲ್ಲಿ ನಿಂತಿದ್ದಾರೆ, ಪ್ರತಿ ಮೂರನೆಯವನು ಹೊರಗೆ. ಕೊನೆಗೆ ಉಳಿಯುವವನು ಎಷ್ಟನೆಯವನು? ಕಳೆದ ತಿಂಗಳು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಹದಿನಾಲ್ಕು ಸಂಖ್ಯೆಗಳನ್ನು ಗೀಚಿ 604 ಎಂದೆ. ಎದುರಿಗಿದ್ದ ಗೆಳೆಯ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಂ ಬರೆದು ಮುಗಿಸುವ ಮೊದಲೇ ನನ್ನ ಕಾಫಿ ಖಾಲಿಯಾಗಿತ್ತು. ಅವನ ಯಂತ್ರವೂ 604 ಎಂದಿತು. ಎರಡು ವರ್ಷದಿಂದ ‘ಇದು ಕೈಲೆಕ್ಕಕ್ಕೆ ಬಗ್ಗುವುದಲ್ಲ’ ಎನ್ನುತ್ತಿದ್ದವನು ಅವನೇ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಎರಡರ ಎಣಿಕೆಯನ್ನು, ಅಂದರೆ ಪ್ರತಿ ಎರಡನೆಯವನು ಹೊರಗೆ ಎಂಬುದನ್ನು, ನಾನು ಹೇಳಬೇಕಿಲ್ಲ. 41 ಜನರಿದ್ದರೆ, 41 ಅನ್ನು ದ್ವಿಮಾನದಲ್ಲಿ (0, 1 ಮಾತ್ರ ಬಳಸುವ ಬರಹದಲ್ಲಿ) 101001 ಎಂದು ಬರೆದು, ಮೊದಲ 1 ಅನ್ನು ಕೊನೆಗೆ ತಂದರೆ 010011, ಅಂದರೆ ಉಳಿಯುವವನು 19ನೆಯವನು. ಅಷ್ಟೇ. ಮೂರಕ್ಕೆ ಬಂದರೆ ಈ ಚಂದವೆಲ್ಲ ಕೆಡುತ್ತದೆ. ಯೆಹೂದಿ ಸೇನಾನಿ, ಇತಿಹಾಸಕಾರ ಜೋಸೆಫಸನ ಕಥೆಯಲ್ಲಿ ಹೇಳುವುದೂ ಮೂರರ ಎಣಿಕೆಯೇ: ಕ್ರಿ.ಶ. 67, ಯೆಹೂದಿಗಳ ಯೋದ್ಫತ್ ಊರು ರೋಮನ್ನರ ಕೈಗೆ ಬಿದ್ದಿದೆ, ಶರಣಾಗುವ ಬದಲು ಸರದಿಯಲ್ಲಿ ಸಾಯಲು ನಿಂತವರು ಗುಹೆಯಲ್ಲಿ ಅವನೂ ಸೇರಿ 41 ಜನ. ಅವನು ಸ್ವತಃ ಬರೆದಿರುವುದು ಚೀಟಿ ಎತ್ತಿದ ಸಂಗತಿ. ವೃತ್ತ, ಎಣಿಕೆ ಎಲ್ಲ ನಂತರದವರು ಅಂಟಿಸಿದ್ದು. ಇರಲಿ, ನಮಗೆ ಒಗಟು ಸಿಕ್ಕಿತಲ್ಲ.

ಮೊದಲು ಹುಣಸೆ ಬೀಜ ಇಟ್ಟು ಆಡಿದೆ. ಫ್ಯಾನ್ ಗಾಳಿಗೆ ಉರುಳಿದವು. ಆಮೇಲೆ ಎರಡು ಸೆಟ್ ಕೇರಂ ಕಾಯಿ ತಂದೆ, ಮುನ್ನೂರು ರೂಪಾಯಿಯ ಆಸುಪಾಸು. ಸೆಟ್ಟಿಗೆ ಹತ್ತೊಂಬತ್ತರಂತೆ ಮೂವತ್ತೆಂಟು, ಜೊತೆಗೆ ಹಳೆಯ ಅಂಗಿಯ ಮೂರು ಗುಂಡಿ: ಸರಿಯಾಗಿ 41. ಹೊರಬಿದ್ದ ಕಾಯಿಯನ್ನು ಮಗುಚಿ ಅಲ್ಲೇ ಬಿಡುವ ಪದ್ಧತಿಯಲ್ಲಿ ನಾನು ಮೂರು ವಾರ ಹಾಳುಮಾಡಿದೆ. ಮಗುಚಿದ್ದನ್ನೂ ಎಣಿಸಿಬಿಡುತ್ತೇವೆ; ಕಣ್ಣಿಗೆ ಬೇಸರ ಬಂದಾಗ ಬೆರಳು ಸುಳ್ಳು ಹೇಳುತ್ತದೆ. ಕೊನೆಗೆ ಹಾಳೆಯ ಮೇಲೆ ಸಂಖ್ಯೆ ಬರೆದು, ಅದರ ಮೇಲೆ ಕಾಯಿ ಇಟ್ಟು, ಹೊರಬಿದ್ದದ್ದನ್ನು ಪೂರ್ತಿ ತೆಗೆದು ಪಕ್ಕದಲ್ಲಿ ಪೇರಿಸತೊಡಗಿದ ಮೇಲೆ ಪಟ್ಟಿ ನಂಬುವಂತಾಯಿತು.

ಒಬ್ಬನಿಂದ ಹದಿನೈದು ಜನರವರೆಗೆ ಗೆದ್ದವನ ಜಾಗ ಹೀಗೆ: 1, 2, 2, 1, 4, 1, 4, 7, 1, 4, 7, 10, 13, 2, 5. ಒಬ್ಬ ಹೆಚ್ಚಿದರೆ ಜಾಗ ಮೂರು ಏರುತ್ತದೆ, ಮಿತಿ ದಾಟಿದೊಡನೆ 1 ಅಥವಾ 2ಕ್ಕೆ ಬೀಳುತ್ತದೆ. ಇದು ಎಲ್ಲರಿಗೂ ಕಾಣುತ್ತದೆ. ಯಾವ ಸಂಖ್ಯೆಗಳಲ್ಲಿ ಬೀಳುತ್ತದೆ ಎಂಬುದೇ ಜಗಳ. 4, 6, 9, 14ರಲ್ಲಿ ಬಿತ್ತು. ಅಂತರ 2, 3, 5. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಫಿಬೊನಾಚಿ ಸರಣಿ ಎಂದು ಕುಣಿದೆ. ಮುಂದಿನದು 8, ಅಂದರೆ 22ರಲ್ಲಿ ಬೀಳಬೇಕು. ಕಾಯಿಗಳು 21 ಎಂದವು. ಅಂತರ 7. ಓಹೋ, 2, 3, 5, 7, ಇವು ಅವಿಭಾಜ್ಯಗಳು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ಸಂಜೆ ಗೆಳೆಯರ ಮುಂದೆ, ಮುಂದಿನ ಬೀಳು 32ರಲ್ಲಿ ಎಂದು ಪಂದ್ಯ ಕಟ್ಟಿದೆ. ಒಬ್ಬ ಮೆಲ್ಲಗೆ ಕೇಳಿದ, ‘ಹಾಗಾದರೆ 31 ಜನರಿದ್ದಾಗ ಗೆಲ್ಲುವವನು?’ 21ರಲ್ಲಿ ಜಾಗ 2, ಅಲ್ಲಿಂದ ಹತ್ತು ಹೆಜ್ಜೆ, ಮೂರರಂತೆ ಮೂವತ್ತು, ಒಟ್ಟು 32. ‘ಮೂವತ್ತೊಂದು ಜನರ ನಡುವೆ ಮೂವತ್ತೆರಡನೆಯವನು ಟೀ ತರಲು ಹೋಗಿದ್ದನೇ?’ ಎಂದ. ಎಂಟು ಟೀ, ನಾಲ್ಕು ತಟ್ಟೆ ಮಿರ್ಚಿ ಬಜ್ಜಿ, ಇನ್ನೂರೈವತ್ತಕ್ಕೆ ಹತ್ತಿರ ಹೋಯಿತು. ಬೀಳು 31ರಲ್ಲೇ ಇತ್ತು.

ಉತ್ತರ ಸಿಕ್ಕಿದ್ದು ಕಾಯಿಗಳನ್ನು ಡಬ್ಬಿಗೆ ತುಂಬುವಾಗ. ಮೂವತ್ತು ಕಾಯಿ ಇಟ್ಟು ಒಂದೇ ಸುತ್ತು ಆಡಿ ಎದ್ದಿದ್ದೆ. ತೆಗೆದಿಟ್ಟ ರಾಶಿ, ಹಾಳೆಯ ಮೇಲೆ ಉಳಿದ ರಾಶಿಯ ಸರಿಯಾಗಿ ಅರ್ಧ. ಒಂದು ಸುತ್ತಿನಲ್ಲಿ ಮೂವರಲ್ಲಿ ಇಬ್ಬರು ಉಳಿದರೆ, ಹಿಂದಕ್ಕೆ ನಡೆದಾಗ ಒಂದೂವರೆ ಪಟ್ಟು! 4, 6, 9 ಕೂಡಲೇ ಹೊಂದಿದವು. 9ರ ಒಂದೂವರೆ ಪಟ್ಟು ಹದಿಮೂರೂವರೆ, ಪಟ್ಟಿಯಲ್ಲಿ 14. ಆದರೆ 21ರದು ಮೂವತ್ತೊಂದೂವರೆ, ಪಟ್ಟಿಯಲ್ಲಿ 31. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಈ ಅರ್ಧ ನನ್ನನ್ನು ಇನ್ನೊಂದು ತಿಂಗಳು ಕಾಡಿತು.

ನಿಯಮ ಇಷ್ಟು. ಬೀಳು ಸಂಖ್ಯೆ ಸಮವಾದರೆ ಒಂದೂವರೆ ಪಟ್ಟು ಮಾಡಿ, ಜಾಗ ಹಾಗೆಯೇ ಇರುತ್ತದೆ. ಬೆಸವಾದರೆ ಜಾಗ ನೋಡಿ: 1 ಇದ್ದರೆ ಅರ್ಧವನ್ನು ಮೇಲಕ್ಕೇರಿಸಿ, ಜಾಗ 2 ಆಗುತ್ತದೆ, 2 ಇದ್ದರೆ ಅರ್ಧವನ್ನು ಬಿಟ್ಟುಬಿಡಿ, ಜಾಗ 1 ಆಗುತ್ತದೆ. 31, 47, 70, 105, 158, 237, 355, 533, 799. ಅದರಾಚೆ 1199, ಸಾವಿರವನ್ನು ದಾಟಿತು. 799ರಲ್ಲಿ ಜಾಗ 1. ಸಾವಿರಕ್ಕೆ 201 ಹೆಜ್ಜೆ, ಮೂರರಂತೆ 603, ಕೂಡಿಸಿ 604. ಜೋಸೆಫಸನ 41ಕ್ಕೆ 31ರಿಂದ ಹತ್ತು ಹೆಜ್ಜೆ: 31ನೆಯ ಜಾಗ.

ಕಥೆಯಲ್ಲಿ ಅವನ ಜೊತೆಗಾರನೂ ಉಳಿಯುತ್ತಾನೆ, 16ನೆಯ ಜಾಗದಲ್ಲಿ. ಅದನ್ನೂ ಇದೇ ಏಣಿಯಿಂದ ಇಳಿಸಬಹುದು, ಮೆಟ್ಟಿಲು ಬೇರೆ. ಎಲ್ಲಿಂದ ಹತ್ತಬೇಕೆಂದು ನಾನು ಹೇಳುವುದಿಲ್ಲ. ಆ ಬಜ್ಜಿಯ ದುಡ್ಡು ಇನ್ನೂ ಪೂರ್ತಿ ವಸೂಲಾಗಿಲ್ಲ.

ನಡುವೆ ಹಡಗಿನ ಹಳೆಯ ಒಗಟಿಗೂ ಕೈಹಾಕಿದೆ: ಮೂವತ್ತು ಜನ, ಪ್ರತಿ ಒಂಬತ್ತನೆಯವನು ನೀರಿಗೆ, ಬೇಕಾದ ಹದಿನೈದು ಜನರನ್ನು ಉಳಿಸಬೇಕು. ಬಿಳಿ, ಕಪ್ಪು ಕಾಯಿ ಇದ್ದವರಿಗೆ ಅದು ಹಬ್ಬ: ಉಳಿಯಬೇಕಾದವರು ಬಿಳಿ. ನಾಲ್ಕು ಬಿಳಿ, ಐದು ಕಪ್ಪು, ಎರಡು ಬಿಳಿ, ಒಂದು ಕಪ್ಪು ಎಂದು ಶುರುವಾಗುತ್ತದೆ. ಒಂದು ಭಾನುವಾರ ಅದರಲ್ಲೇ ಹೋಯಿತು, ಮಾದರಿ ಮಾತ್ರ ಏನೂ ಸಿಗಲಿಲ್ಲ.

ಈಗ ನಾಲ್ಕರ ಎಣಿಕೆಗೆ ಕೂತಿದ್ದೇನೆ. ಅಲ್ಲಿ ಪಟ್ಟು ಒಂದೂ ಮೂರನೇ ಒಂದು, ಬೀಳುವ ಜಾಗ 1, 2 ಅಥವಾ 3. ಅರ್ಧದ ಬದಲು ಮೂರನೇ ಒಂದರ ತಕರಾರು. ಒಂದು ನೋಟ್‌ಬುಕ್ ತುಂಬಿದೆ. ಮಕ್ಕಳು ಕೇರಂ ಕಾಯಿ ವಾಪಸ್ ಕೇಳುತ್ತಿದ್ದಾರೆ. ಎರಡು ಕೆಂಪು ಕಾಯಿಗಳಲ್ಲಿ ಒಂದು ಎಲ್ಲಿ ಹೋಯಿತೋ, ಇನ್ನೂ ಹುಡುಕುತ್ತಿದ್ದೇನೆ.