ಹಿಟ್ ಹಾಡಿನ ಪಕ್ಕದ ಹಾಡು

ಕ್ಯಾಲಿಫೋರ್ನಿಯಾದ ಒಂದು ಸಣ್ಣ ಸಮುದಾಯ ರೇಡಿಯೋದಲ್ಲಿ ಭಾನುವಾರ ರಾತ್ರಿ ಎರಡು ಗಂಟೆ ನನ್ನ ಪಾಲಿಗೆ ಸಿಕ್ಕಿದೆ. ಸಂಬಳವಿಲ್ಲ, ಖುಷಿಗೆ ಮಾಡುವ ಕೆಲಸ. 1966ರಿಂದ 1969ರವರೆಗಿನ ರಾಕ್ ಹಾಡು ಹಾಕುತ್ತೇನೆ. ಅದರಲ್ಲೂ ಆಗ ಯಾರೂ ಅಷ್ಟಾಗಿ ಕೇಳದೆ ಬಿಟ್ಟವು.

ಶುರುವಿನಲ್ಲಿ ತೀರಾ ಅಪರೂಪದ ರೆಕಾರ್ಡುಗಳ ಹಿಂದೆ ಬಿದ್ದಿದ್ದೆ. ದುಡ್ಡು ಜಾಸ್ತಿ ಹೋಯಿತು, ಮನಸ್ಸಿಗೆ ಹಿಡಿಸಿದ್ದು ಕಮ್ಮಿ. ಆಮೇಲೆ ದಾರಿ ಬದಲಿಸಿದೆ. ಎಲ್ಲರಿಗೂ ಗೊತ್ತಿರುವ ಒಂದು ಹಾಡು ತೆಗೆದುಕೊಳ್ಳುವುದು, ಅದೇ ರೆಕಾರ್ಡಿನಲ್ಲಿ ಅದರ ಅಕ್ಕಪಕ್ಕ ಏನಿದೆ ಅಂತ ಕೂತು ಕೇಳುವುದು.

ಬ್ರಿಟನ್ನಿನ ರಾಕ್ ತಂಡ ದಿ ಜಾಂಬೀಸ್‌ನ 'ಟೈಮ್ ಆಫ್ ದಿ ಸೀಸನ್' ಇಲ್ಲಿನ ಹಳೇ ಹಾಡುಗಳ ಸ್ಟೇಷನ್‌ಗಳಲ್ಲಿ ಈಗಲೂ ಬರುತ್ತದೆ. ಅದು ಇರುವ ಆಲ್ಬಮ್ 'ಒಡೆಸಿ ಅಂಡ್ ಒರಾಕಲ್'. 1967ರಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿದ್ದು. 1968ರಲ್ಲಿ ಹೊರಬರುವ ಹೊತ್ತಿಗೆ ತಂಡವೇ ಒಡೆದುಹೋಗಿತ್ತು. ಅಮೆರಿಕದಲ್ಲೂ ತನ್ನಿ ಅಂತ ಅಲ್ಲಿನ ಸಂಗೀತಗಾರ ಅಲ್ ಕೂಪರ್ ಕೊಲಂಬಿಯಾ ರೆಕಾರ್ಡ್ ಕಂಪನಿಯವರ ಹಿಂದೆ ಬಿದ್ದರು. 1969ರಲ್ಲಿ ಆ ಒಂದು ಹಾಡು ಇಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಮಿಕ್ಕ ಹನ್ನೊಂದು ಅದರ ನೆರಳಲ್ಲೇ ಉಳಿದವು.

ಮೊದಲನೆಯದನ್ನೇ ತಗೊಳ್ಳಿ, 'ಕೇರ್ ಆಫ್ ಸೆಲ್ 44'. ಪಿಯಾನೋ ಕುಣಿಯುತ್ತಾ ಬರುತ್ತದೆ. ನಡುವೆ ವಾದ್ಯ ಎಲ್ಲ ನಿಂತು ಬರೀ ಗಂಟಲುಗಳು ಸೇರುತ್ತವೆ. ಮನೆಗೆ ಬರುವ ಹುಡುಗಿಗಾಗಿ ಕಾಯುತ್ತಾ ಬರೆದ ಕಾಗದ ಅದು. ಅವಳು ಬರುತ್ತಿರುವುದು ಜೈಲಿನಿಂದ.

ಮೊದಲ ಸಲ ಇದನ್ನೆಲ್ಲ ಮುಂಚೆಯೇ ವಿವರಿಸಿ ಹಾಡು ಹಾಕಿದೆ. ಒಂದು ಫೋನೂ ಬರಲಿಲ್ಲ. ಒಂದು ತಿಂಗಳು ಬಿಟ್ಟು ಸುಮ್ನೆ ಹಾಡು ಮಾತ್ರ ಹಾಕಿದೆ. ಮುಗಿಯುವ ಮೊದಲೇ ಸ್ಟುಡಿಯೋ ಫೋನಿನ ದೀಪ ಮಿನುಗಿತು. "ಆ ಹುಡುಗಿ ಜೈಲಲ್ಲಿದ್ದಳಾ?" ಅಂತ ಒಬ್ಬ ಹೆಂಗಸು ಕೇಳಿದರು. ನನಗೆ ಮೈ ಜುಮ್ಮೆಂದಿತು. ಅವರು ಪೂರ್ತಿ ಕೇಳಿದ್ದರು, ಅಲ್ವಾ!

ಅಂದಿನಿಂದ ಹಾಡು ಮೊದಲು, ವಿವರ ಆಮೇಲೆ. ಚಿಕ್ಕವನಿದ್ದಾಗ ಹಾಸನದಲ್ಲಿ ಆಕಾಶವಾಣಿ ಕೇಳುತ್ತಿದ್ದೆ. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ಅವರು ಹೇಳುತ್ತಿದ್ದ ರೀತಿ ಕಿವಿಯಲ್ಲೇ ಕೂತಿದೆ. ಇಲ್ಲೂ ಹಾಗೇ ಹೇಳುತ್ತೇನೆ: ಬರೆದವರು ರಾಡ್ ಆರ್ಜೆಂಟ್, ಹಾಡಿದವರು ಕಾಲಿನ್ ಬ್ಲನ್‌ಸ್ಟೋನ್. ಆ ಹಿಟ್ ಹಾಡನ್ನು ಬರೆದವರೂ ಅದೇ ಆರ್ಜೆಂಟ್ ಅಂತ ಸೇರಿಸುತ್ತೇನೆ.

ಇನ್ನು ಕೈಕೆಲಸ. ನಿಮಿಷಕ್ಕೆ 45 ಸುತ್ತು ತಿರುಗುವ ಹಳೇ ಸಣ್ಣ ರೆಕಾರ್ಡ್ (ಸಿಂಗಲ್) ಆದರೆ ಹೆಡ್‌ಫೋನಿನಲ್ಲಿ ಮೊದಲ ಸದ್ದು ಹುಡುಕಿ, ರೆಕಾರ್ಡನ್ನು ಬೆರಳಿಂದ ಮುಕ್ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಇಡುತ್ತೇನೆ. ಇಲ್ಲದಿದ್ದರೆ ಶುರುವಿನ ಸ್ವರ ಎಳೆದಂತೆ ಕೇಳುತ್ತದೆ. ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದಿನ ರೆಕಾರ್ಡಿಗೆ ಮೋನೋ ಬಟನ್ ಒತ್ತಿದರೆ ಕರಕರ ಎಷ್ಟೋ ತಗ್ಗುತ್ತದೆ.

ಹಿಟ್ ಹಾಡಿನ ಅಕ್ಕಪಕ್ಕ ಹುಡುಕುವ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ದಿ ಕಿಂಕ್ಸ್ ತಂಡದ 'ವಿಲೇಜ್ ಗ್ರೀನ್' ಆಲ್ಬಮ್ ಬ್ರಿಟನ್ನಿನಲ್ಲಿ ಬಂದದ್ದು 1968ರ ನವೆಂಬರ್ 22ರಂದು. ಬೀಟಲ್ಸ್‌ನ ಬಿಳಿ ರಟ್ಟಿನ ಜೋಡಿ ಆಲ್ಬಮ್ ಬಂದದ್ದೂ ಅವತ್ತೇ. ಕಿಂಕ್ಸ್‌ನದು ಪಟ್ಟಿಗೇ ಸೇರಲಿಲ್ಲ. ಹಿಡಿದುಕೊಳ್ಳಲು ಅದರಲ್ಲಿ ಹಿಟ್ ಹಾಡೇ ಇಲ್ಲ. ನಮ್ಮ ಕಾರ್ಯಕ್ರಮ ಇಂಟರ್ನೆಟ್ಟಿನಲ್ಲೂ ಹೋಗುತ್ತದೆ, ಹಾಗಾಗಿ ಇಲ್ಲಿನ ಕಾನೂನಿನ ಪ್ರಕಾರ ಮೂರು ಗಂಟೆಯೊಳಗೆ ಒಂದೇ ಆಲ್ಬಮಿನ ಮೂರು ಹಾಡಿಗಿಂತ ಜಾಸ್ತಿ ಹಾಕುವಂತಿಲ್ಲ. ಆ ಆಲ್ಬಮಿನ ಹದಿನೈದು ಹಾಡಿನಲ್ಲಿ ಮೂರು! ಎರಡು ಆರಿಸಿಟ್ಟಿದ್ದೇನೆ. ಮೂರನೆಯದಕ್ಕೆ 'ಬಿಗ್ ಸ್ಕೈ' ಇರಲಿ ಅಂತ ಮನಸ್ಸು. ಈ ಭಾನುವಾರ ಅದರಿಂದಲೇ ಶುರು ಮಾಡುತ್ತೇನೆ.